ಬೆಳೆ ವರ್ಷಕ್ಕೊಮ್ಮೆ, ಸಂತೆ ವಾರಕ್ಕೊಮ್ಮೆ

ಉತ್ತರ ಕೊಡಗಿನ ನಮ್ಮ ತಾಲ್ಲೂಕಿನಲ್ಲಿ ವಾರದ ದಿನವನ್ನೇ ಹೆಸರಾಗಿ ಹೊತ್ತುಕೊಂಡ ಊರುಗಳು ಎರಡಿವೆ. ಒಂದು ಸೋಮವಾರಪೇಟೆ, ಇನ್ನೊಂದು ಶನಿವಾರಸಂತೆ. ಮೊದಲನೆಯದರಲ್ಲಿ ಸೋಮವಾರ ಸಂತೆ, ಎರಡನೆಯದರಲ್ಲಿ ಶನಿವಾರ ಸಂತೆ. "ನಿಮ್ಮೂರ ಸಂತೆ ಯಾವತ್ತು?" ಎಂದು ಹೊಸಬರು ಕೇಳಿದರೆ ಶಾಲೆಯ ಮಕ್ಕಳೂ ನಗುತ್ತಾರೆ. ಊರಿಗೆ ದೇವರ ಹೆಸರಿಡುವುದುಂಟು, ರಾಜನ ಹೆಸರಿಡುವುದುಂಟು. ಸಂತೆಯ ದಿನದ ಹೆಸರನ್ನೇ ಇಟ್ಟುಕೊಂಡ ಊರಿನಲ್ಲಿ ಸಂತೆಯ ಮಹತ್ವ ಎಷ್ಟೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊಡಗಿನ ಸಂತೆಗಳದ್ದು ಒಂದು ಸರಪಳಿ. ಸೋಮವಾರ ಸೋಮವಾರಪೇಟೆ, ಮಂಗಳವಾರ ಕುಶಾಲನಗರ, ಬುಧವಾರ ವಿರಾಜಪೇಟೆ, ಶುಕ್ರವಾರ ಮಡಿಕೇರಿ, ಶನಿವಾರ ಶನಿವಾರಸಂತೆ, ಭಾನುವಾರ ಗೋಣಿಕೊಪ್ಪ ಮತ್ತು ಸಿದ್ದಾಪುರ. ಇಂದು ನಮ್ಮೂರಲ್ಲಿ ಈರುಳ್ಳಿ ತೂಗಿದವರು ನಾಳೆ ಇನ್ನೊಂದು ಊರಿನಲ್ಲಿ ತಕ್ಕಡಿ ಹಿಡಿದಿರುತ್ತಾರೆ. ಹೀಗೆ ವಾರವೆಂಬುದು ನಮ್ಮ ಕಡೆ ಪಂಚಾಂಗದಲ್ಲಿ ಮಾತ್ರವಲ್ಲ, ರಸ್ತೆಯ ಮೇಲೂ ತಿರುಗುತ್ತಿರುತ್ತದೆ.

ಸಣ್ಣ ಬೆಳೆಗಾರನ ಬದುಕಿನ ಒಂದು ತೊಡಕು ಇಲ್ಲಿಯೇ ಇದೆ. ಕಾಫಿಯಾಗಲಿ ಅಡಿಕೆಯಾಗಲಿ ನಮ್ಮ ಕೈಗೆ ಬರುವುದು ವರ್ಷಕ್ಕೊಮ್ಮೆ. ಕೂಲಿ, ದಿನಸಿ, ಔಷಧಿ, ಮಕ್ಕಳ ಬಸ್ ಚಾರ್ಜು ಇವೆಲ್ಲ ಕೇಳುವುದು ವಾರಕ್ಕೊಮ್ಮೆ. ಈ ಎರಡು ಲೆಕ್ಕಗಳನ್ನು ಕೂಡಿಸುವುದೇ ನಮ್ಮ ಸಂಸಾರ. ಜನವರಿಯಲ್ಲಿ, ಕೊಯ್ಲು ಭರದಿಂದ ನಡೆದಿರುವಾಗ, ನಮ್ಮ ಪೇಟೆಯ ಒಂದು ವಾರ ಹೇಗೆ ಕಳೆಯುತ್ತದೆ, ಆ ವಾರದಲ್ಲಿ ನಮ್ಮಂತಹ ಮೂರೂವರೆ ಎಕರೆಯವರ ಹಣ ಎಲ್ಲಿ ಸೋರುತ್ತದೆ ಎಂಬುದನ್ನು ಸದಸ್ಯ ಬಾಂಧವರ ಮುಂದಿಡುವುದು ಈ ಲೇಖನದ ಉದ್ದೇಶ.

ಸೋಮವಾರ

ಬೆಳಗಿನ ಮಂಜು ಇನ್ನೂ ಬಿಟ್ಟಿರುವುದಿಲ್ಲ. ಆಗಲೇ ಹಾಸನ, ಮೈಸೂರು ಕಡೆಯ ತರಕಾರಿ ಮೂಟೆಗಳು ಸಂತೆಮಾಳದಲ್ಲಿ ಇಳಿದಿರುತ್ತವೆ. ಹತ್ತು ಗಂಟೆಯ ಹೊತ್ತಿಗೆ ಶಾಂತಳ್ಳಿ, ಮಾದಾಪುರ ರಸ್ತೆಗಳಿಂದ ಜೀಪುಗಳು ಒಂದರ ಹಿಂದೊಂದು ಬರತೊಡಗುತ್ತವೆ. ಸಂತೆಯ ದಿನ ತೋಟಕ್ಕೆ ರಜೆ ಕೊಡುವುದು ನಮ್ಮ ಕಡೆ ಹಿಂದಿನಿಂದ ನಡೆದು ಬಂದ ವಾಡಿಕೆ. ಆರು ದಿನ ಹಣ್ಣು ಕೊಯ್ದ ಕೈಗಳು ಅಂದು ಬಳೆ ನೋಡುತ್ತವೆ, ಒಣಮೀನಿನ ಬೆಲೆ ಕೇಳುತ್ತವೆ, ಮಗುವಿಗೆ ಸ್ವೆಟರು ಅಳೆಯುತ್ತವೆ. ಕನ್ನಡ, ಅರೆಭಾಷೆ, ಕೊಡವ, ಮಲಯಾಳ, ತಮಿಳು, ತುಳು ಮೊದಲೇ ಇದ್ದವು. ಈಗ ಅಸ್ಸಾಂ, ಬಂಗಾಳದ ಕಡೆಯಿಂದ ಕೆಲಸಕ್ಕೆ ಬಂದವರ ಮಾತೂ ಸೇರಿಕೊಂಡಿದೆ. ಚೌಕಾಶಿಗೆ ಮಾತ್ರ ಭಾಷೆಯ ಅಡ್ಡಿ ಇದ್ದಂತೆ ಕಾಣುವುದಿಲ್ಲ.

ಬೆಳೆಗಾರನಿಗೂ ಸಂತೆಯಲ್ಲಿ ಕೆಲಸ ಕಡಿಮೆಯಿಲ್ಲ. ಮನೆಯಾಕೆ ಕೊಟ್ಟ ಚೀಟಿಯಲ್ಲಿ ಬೆಲ್ಲ, ಬೇಳೆ, ಮೆಣಸಿನಕಾಯಿ. ನನ್ನ ಚೀಟಿಯಲ್ಲಿ ಗೋಣಿಚೀಲ, ಹೊಲಿಗೆ ದಾರ, ಕಣಕ್ಕೆ ಮುಚ್ಚಲು ಟಾರ್ಪಾಲು, ಹರಿತ ಮಾಡಿಸಬೇಕಾದ ಎರಡು ಕತ್ತಿ. ಅಂಗಡಿಯ ಉದ್ರಿ ಪುಸ್ತಕಕ್ಕೆ ಕಳೆದ ವಾರದ ಬಾಕಿ ಕಟ್ಟುವುದು ಅಂದೇ. ಮೇಸ್ತ್ರಿಯನ್ನು ಹಿಡಿಯುವುದೂ ಅಂದೇ. ಹೋಟೆಲಿನ ಮುಂದೆ ಮೇಸ್ತ್ರಿ ಸಿಕ್ಕಿ, ಕಾಫಿ ಕುಡಿಯುತ್ತಾ ಮಾತು ಮುಗಿಸಿದ:

"ಈ ವಾರ ಎಂಟು ಆಳು ಕೊಡ್ತೀನಿ ಅಣ್ಣಾ. ಆದ್ರೆ ಭಾನುವಾರ ಸಂಜೆ ಬಟವಾಡೆ ತಪ್ಪಬಾರ್ದು. ಹೋದ್ ವಾರ ಆಚೆ ತೋಟದಲ್ಲಿ ಬುಧವಾರಕ್ಕೆ ಅಂತ ಮುಂದಕ್ಕೆ ಹಾಕಿದ್ರು. ನಮ್ಮೋರು ಮಂಗಳವಾರ ಹೋಗ್ಲೇ ಇಲ್ಲ."

ಇದು ಬೆದರಿಕೆಯಲ್ಲ. ದುಡಿದವರಿಗೆ ಸೋಮವಾರ ಸಂತೆಯಿರುವಾಗ ಬುಧವಾರ ಕೊಟ್ಟ ದುಡ್ಡಿನಿಂದ ಆಗಬೇಕಾದ್ದೇನು? ಎಂಟು ಜನರಿಗೆ ಆರು ದಿನ, ತಲಾ ಐನೂರರಂತೆ ಲೆಕ್ಕ ಹಾಕಿದರೂ ₹24,000. ಕೊಯ್ಲಿನ ಕೂಲಿಯನ್ನು ಕಿಲೋ ಲೆಕ್ಕದಲ್ಲಿ ಕೊಟ್ಟರೂ ಮೊತ್ತ ಹೆಚ್ಚು ಕಡಿಮೆ ಅಷ್ಟೇ ಬರುತ್ತದೆ. ಸಂತೆಯಿಂದ ಮನೆಗೆ ಮರಳುವಾಗ ನನ್ನ ಕೈಚೀಲಕ್ಕಿಂತ ಆ ಲೆಕ್ಕವೇ ಭಾರವಾಗಿತ್ತು.

ಮಂಗಳವಾರ

ಸಂತೆಯ ಮರುದಿನ ಪೇಟೆ ಬಿಕೋ ಎನ್ನುತ್ತದೆ. ಸಂತೆಮಾಳದಲ್ಲಿ ಕೋಸಿನ ಎಲೆ ಮೇಯುವ ದನಗಳು, ಕಸ ಗುಡಿಸುವ ಪಟ್ಟಣ ಪಂಚಾಯಿತಿಯವರು. ವ್ಯಾಪಾರಿಗಳು ಆಗಲೇ ಕುಶಾಲನಗರ ಸೇರಿರುತ್ತಾರೆ. ತಾಲ್ಲೂಕು ಕಚೇರಿಯ ಮುಂದೆ ಮಾತ್ರ ಪಹಣಿಗೆ, ಪೋಡಿಗೆ ಬಂದವರ ಸಾಲು. ಕೆಲಸಕ್ಕೆ ಆಳುಗಳು ಪೂರ್ತಿ ಬರುವುದಿಲ್ಲ. ಎಂಟು ಎಂದರೆ ಐದು. ಸಂತೆಯ ಆಯಾಸ ಎನ್ನಿ, ಇನ್ನೇನಾದರೂ ಎನ್ನಿ, ಇದು ಎಲ್ಲ ತೋಟಗಳಲ್ಲೂ ಇರುವುದೇ. ಅನುಭವವುಳ್ಳವರು ಮಂಗಳವಾರ ದೂರದ ಗುಡ್ಡೆಯ ಕೊಯ್ಲಿಗೆ ಇಳಿಯುವುದಿಲ್ಲ. ಉದುರು ಹಣ್ಣು ಆರಿಸುವುದು, ಕಣ ಸಾರಿಸುವುದು, ಚೀಲ ಹೊಲಿಯುವುದು ಇಂತಹ ಹತ್ತಿರದ ಕೆಲಸಗಳನ್ನು ಆ ದಿನಕ್ಕೆ ಇಟ್ಟುಕೊಳ್ಳುತ್ತಾರೆ.

ಉದುರು ಹಣ್ಣು ಆರಿಸುವುದನ್ನು ದಂಡದ ಕೆಲಸವೆಂದು ಬಿಡುವವರಿದ್ದಾರೆ. ಗಿಡದಲ್ಲಿ ಬಿಟ್ಟ ಹಣ್ಣು, ನೆಲಕ್ಕೆ ಬಿದ್ದ ಹಣ್ಣು ಇವೇ ಕಾಯಿಕೊರಕ ಹುಳುವಿಗೆ ಮುಂದಿನ ಬೆಳೆಯವರೆಗೆ ಮನೆ. ಐದು ಜನರ ಒಂದು ಮಂಗಳವಾರ ಇದಕ್ಕೆ ಹೋದರೆ ನಷ್ಟವೇನಿಲ್ಲ.

ಬುಧವಾರ

ಎಂಟು ಜನರೂ ಬಂದರು. ಬುಧವಾರವೆಂದರೆ ದುಡಿಮೆಯ ದಿನ. ಪೇಟೆಯ ಕಡೆ ಮುಖ ಹಾಕಲು ಬಿಡುವಿಲ್ಲ. ಸಂಜೆ ನಾಲ್ಕರ ನಂತರ ತೂಕ. ತಕ್ಕಡಿಯ ಮುಳ್ಳನ್ನು ಹತ್ತಾರು ಕಣ್ಣುಗಳು ನೋಡುತ್ತಿರುತ್ತವೆ. ನಮ್ಮಲ್ಲಿ ಹನ್ನೆರಡು ವರ್ಷದಿಂದ ಬರುವ ಹಿರಿಯ ಹೆಂಗಸೊಬ್ಬರು ಓದು ಬಾರದವರು. ಸೀರೆಯ ಸೆರಗಿಗೆ ದಿನಕ್ಕೊಂದು ಗಂಟು ಹಾಕಿ ಲೆಕ್ಕ ಇಡುತ್ತಾರೆ. ಈವರೆಗೆ ನನ್ನ ಪುಸ್ತಕಕ್ಕೂ ಅವರ ಸೆರಗಿಗೂ ವ್ಯತ್ಯಾಸ ಬಂದದ್ದು ಒಂದೇ ಬಾರಿ. ತಪ್ಪು ಪುಸ್ತಕದ್ದಾಗಿತ್ತು.

ತೂಕ ಮುಗಿದ ಮೇಲೆ ಕಣದ ಕೆಲಸ. ಚೆರ್ರಿ ಒಣಗಿಸುವಲ್ಲಿ ಹೊಸ ವಿದ್ಯೆ ಏನೂ ಇಲ್ಲ, ಆದರೆ ಹಳೆಯ ವಿದ್ಯೆಯನ್ನು ಪಾಲಿಸುವವರೂ ಕಡಿಮೆ. ಹಣ್ಣನ್ನು ಕೊಯ್ದ ದಿನವೇ ತೆಳುವಾಗಿ ಹರಡಬೇಕು. ಗುಡ್ಡೆ ಹಾಕಿದರೆ ಬೂಷ್ಟು ಹಿಡಿಯುತ್ತದೆ. ಗಂಟೆಗೊಮ್ಮೆ ಕೈಯಾಡಿಸಬೇಕು. ಸಂಜೆ ರಾಶಿ ಮಾಡಿ ಮುಚ್ಚಬೇಕು. ಇಬ್ಬನಿ ನಮ್ಮ ಕಡೆ ಸಣ್ಣ ಮಳೆಯಂತೆಯೇ ಬೀಳುತ್ತದೆ. ಒಳ್ಳೆಯ ಬಿಸಿಲಿದ್ದರೆ 12ರಿಂದ 15 ದಿನ. ಮುಷ್ಟಿಯಲ್ಲಿ ಹಿಡಿದು ಅಲುಗಾಡಿಸಿದರೆ ಗಲಗಲ ಸದ್ದು ಬರಬೇಕು. ತೇವ ಶೇಕಡಾ 11ಕ್ಕೆ ಇಳಿದಿದೆಯೇ ಎಂದು ಮೀಟರಿನಲ್ಲಿ ನೋಡಿಕೊಂಡರೆ ಇನ್ನೂ ಒಳ್ಳೆಯದು.

ಆಕಾಶದ ಮೇಲೆ ಭರವಸೆಯಿಡುವ ಕಾಲ ಹೋಯಿತು. 2021ರ ಜನವರಿಯಲ್ಲಿ ಕೊಯ್ಲಿನ ನಡುವೆ ಸುರಿದ ಅಕಾಲಿಕ ಮಳೆಗೆ ಕೊಡಗು, ಚಿಕ್ಕಮಗಳೂರಿನ ಎಷ್ಟೋ ಕಣಗಳಲ್ಲಿ ಕಾಫಿ ನೆನೆದು ಕಪ್ಪಾಯಿತು. ಅಂದಿನಿಂದ ನಮ್ಮ ಮನೆಯಲ್ಲಿ ಟಾರ್ಪಾಲು ಹೊದಿಸದೆ ಯಾರೂ ಊಟಕ್ಕೆ ಕೂರುವುದಿಲ್ಲ.

ಗುರುವಾರ

ಅಡಿಕೆಯ ಸರದಿ. ನಮ್ಮಲ್ಲಿ ಅಡಿಕೆ ದೊಡ್ಡ ಬೆಳೆಯಲ್ಲ. ಹೊಳೆಬದಿಯ ತಗ್ಗಿನಲ್ಲಿ ಮುನ್ನೂರು ಮರ, ಮರಕ್ಕೊಂದು ಮೆಣಸಿನ ಬಳ್ಳಿ. ಆದರೂ ಅಡಿಕೆಗಾಗಿ ಪೇಟೆಗೆ ಹೋಗಿ ಕಾಯಬೇಕಾದಷ್ಟು ಕಾಫಿಗಾಗಿ ಕಾಯಬೇಕಾಗಿಲ್ಲ. ಕಾರಣ, ಕೊನೆಗಾರ. ಮರ ಏರುವ ಹುಡುಗರು ಬೆರಳೆಣಿಕೆಗೆ ಇಳಿದಿದ್ದಾರೆ. ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕೊನೆಗಾರ ತಿಂಡಿ ತಿನ್ನುತ್ತಿದ್ದರೆ ಸುತ್ತ ನಾಲ್ಕು ಜನ ಬೆಳೆಗಾರರು ನಿಂತಿರುತ್ತಾರೆ. ಮದುವೆ ಗಂಡಿಗೂ ಅಷ್ಟು ಉಪಚಾರವಿಲ್ಲ. ಕೆಲವರು ಕಾರ್ಬನ್ ಫೈಬರ್ ದೋಟಿ ತಂದು ನೆಲದ ಮೇಲೆಯೇ ನಿಂತು ಕೊನೆ ಇಳಿಸುವುದನ್ನು ಕಲಿತಿದ್ದಾರೆ. ಬೆಲೆ ಹೆಚ್ಚು, ಆದರೆ ನಾಲ್ಕೈದು ಮನೆಯವರು ಸೇರಿ ಒಂದು ಕೊಂಡರೆ ಭಾರವಾಗುವುದಿಲ್ಲ.

ಹಣ್ಣಡಿಕೆಯನ್ನು ಚಾಲಿ ಮಾಡಲು ಸುಮಾರು 40 ದಿನ ಬಿಸಿಲು ಬೇಕು. ಅಷ್ಟು ದಿನ ಕಾಯಲಾರದವರು ಹಸಿ ಅಡಿಕೆಯನ್ನೇ ಚೇಣಿಗೆ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಮರದಲ್ಲಿರುವಾಗಲೇ ಮುಂಗಡ ಹಣ ಸಿಗುತ್ತದೆ, ಕೊಯ್ಲಿನ ತಲೆಬಿಸಿ ಇಲ್ಲ, ನಿಜ. ಮುಂಗಡಕ್ಕೆ ಕೈಯೊಡ್ಡಿದ ಮೇಲೆ ಬೆಲೆಯ ಮಾತಿನಲ್ಲಿ ನಮ್ಮ ದನಿ ತಗ್ಗುತ್ತದೆ, ಅದೂ ನಿಜ.

ಅಡಿಕೆ ಬೆಳೆಗಾರರಿಗೆ ಇದು ಹೊಸ ಪಾಠವೇನಲ್ಲ. 1939ರಲ್ಲಿ ಶಿವಮೊಗ್ಗದಲ್ಲಿ ಮ್ಯಾಮ್ಕೋಸ್ ಕಟ್ಟಿದವರೂ, 1970ರ ಸುಮಾರಿಗೆ ಬೆಲೆ ಕುಸಿದು ಕಂಗಾಲಾದ ಮೇಲೆ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಕಟ್ಟಿದವರೂ ಮನಗಂಡಿದ್ದ ಸಂಗತಿ ಒಂದೇ. ಒಬ್ಬೊಬ್ಬನೇ ತಕ್ಕಡಿಯ ಮುಂದೆ ನಿಂತರೆ ತಕ್ಕಡಿ ಹಿಡಿದವನದೇ ಮಾತು. ಹತ್ತು ಜನ ಕೂಡಿ ನಿಂತರೆ ಬೆಳೆದವನಿಗೂ ಒಂದು ಮಾತುಂಟು.

ಶುಕ್ರವಾರ

ವಾರದ ಕಷ್ಟ ಶುಕ್ರವಾರ ಮನೆ ಬಾಗಿಲಿಗೆ ಬರುತ್ತದೆ. ಭಾನುವಾರದ ಬಟವಾಡೆಗೆ ಇನ್ನು ಎರಡೇ ದಿನ. ಭಾನುವಾರ ಬ್ಯಾಂಕಿಲ್ಲ, ಎರಡನೇ ಮತ್ತು ನಾಲ್ಕನೇ ಶನಿವಾರವೂ ಇಲ್ಲ. ಪೇಟೆಯ ಎ.ಟಿ.ಎಂ. ಸಂತೆಯ ಮುನ್ನಾ ದಿನವೇ ಬರಿದಾಗುವುದು ಹೊಸತೇನಲ್ಲ.

ಕಳೆದ ವರ್ಷ ಇಂತಹದೇ ಒಂದು ಶುಕ್ರವಾರ ನಾನು ಮಾಡಿದ ಕೆಲಸವನ್ನು ಇಲ್ಲಿ ಹೇಳುತ್ತೇನೆ. ನಾಚಿಕೆಯ ಸಂಗತಿಯಾದರೂ, ನನ್ನಂತೆ ಮಾಡಿದವರು ಬಹಳ ಜನ ಇರಬಹುದೆಂಬ ಧೈರ್ಯ ಇದೆ. ಕಣದಲ್ಲಿ ರೊಬಸ್ಟಾ ಚೆರ್ರಿ 15 ಮೂಟೆಯಷ್ಟಿತ್ತು. ಇನ್ನೂ ನಾಲ್ಕು ದಿನದ ಬಿಸಿಲು ಬೇಕಿತ್ತು. ಬಟವಾಡೆಗೆ ಹಣವಿರಲಿಲ್ಲ. ಊರೂರು ತಿರುಗಿ ಕೊಳ್ಳುವವರೊಬ್ಬರು ಗಾಡಿ ತಂದು ಅಂಗಳದಲ್ಲೇ ನಿಲ್ಲಿಸಿದರು. ಹಿಡಿ ಚೆರ್ರಿ ತೆಗೆದು, ಸಿಪ್ಪೆ ಬಿಡಿಸಿ, ತೂಗಿ, "ಔಟ್‌ಟರ್ನ್ 26 ಬರ್ತದೆ, ಆದ್ರೆ ತೇವ ಇದೆ ಅಣ್ಣಾ, 24 ಹಾಕ್ತೀನಿ. ದುಡ್ಡು ಈಗ್ಲೇ" ಎಂದರು. ದುಡ್ಡು ಈಗಲೇ ಎಂಬ ಮಾತು ಮಾತ್ರ ನನ್ನ ಕಿವಿಗೆ ಬಿತ್ತು. ಕೊಟ್ಟುಬಿಟ್ಟೆ.

ಔಟ್‌ಟರ್ನ್ ಲೆಕ್ಕ ಹಳಬರಿಗೆ ಗೊತ್ತಿದ್ದದ್ದೇ. ಹೊಸ ಸದಸ್ಯರಿಗಾಗಿ ಹೇಳುತ್ತೇನೆ. 50 ಕಿಲೋ ಚೆರ್ರಿ ಮೂಟೆಯಿಂದ ಎಷ್ಟು ಕಿಲೋ ಕ್ಲೀನ್ ಕಾಫಿ ಬರುತ್ತದೋ ಅದೇ ಔಟ್‌ಟರ್ನ್. ಅದನ್ನು ಅಂದಿನ ಪಾಯಿಂಟ್ ದರದಿಂದ ಗುಣಿಸಿದರೆ ಮೂಟೆಯ ಬೆಲೆ. ಲೆಕ್ಕಕ್ಕೆ ಸುಲಭವಾಗಲೆಂದು ಪಾಯಿಂಟಿಗೆ ₹200 ಎಂದಿಟ್ಟುಕೊಳ್ಳೋಣ. 26ಕ್ಕೆ ಮೂಟೆಗೆ ₹5,200, 24ಕ್ಕೆ ₹4,800. ಹದಿನೈದು ಮೂಟೆಗೆ 24ರಂತೆ ನನಗೆ ಬರುವುದು ₹72,000.

ಒಣಗಿಸಿದರೆ ತೂಕ ಇಳಿಯುವುದಿಲ್ಲವೇ ಎಂದು ನೀವು ಕೇಳಬಹುದು. ಇಳಿಯುತ್ತದೆ. ನ್ಯಾಯವಾಗಿ ಅದನ್ನೂ ಕಳೆಯೋಣ. ತೇವ ಶೇಕಡಾ 14 ಇದ್ದ 750 ಕಿಲೋ ಚೆರ್ರಿ ಶೇಕಡಾ 11ಕ್ಕೆ ಒಣಗಿದರೆ ಉಳಿಯುವುದು ಸುಮಾರು 725 ಕಿಲೋ. ಅಂದರೆ ಹದಿನಾಲ್ಕೂವರೆ ಮೂಟೆ. 26ರ ಔಟ್‌ಟರ್ನಿಗೆ ಅದರ ಬೆಲೆ ₹75,400. ಹಾಗಾಗಿ ತೇವಕ್ಕೆಂದು ಕಳೆದದ್ದರಲ್ಲಿ ಒಂದು ಭಾಗ ನ್ಯಾಯವಾದದ್ದು. ಮಿಕ್ಕ ₹3,400 ನನ್ನ ಅವಸರಕ್ಕೆ ನಾನೇ ಕೊಟ್ಟ ಬೆಲೆ. ಕೊಂಡವರು ಮೋಸ ಮಾಡಿದರೆಂದು ನಾನು ಹೇಳಲಾರೆ. ಕಣ್ಣಂದಾಜಿನ ಕಡಿತ ಯಾವಾಗಲೂ ಕೊಳ್ಳುವವನ ಕಡೆಗೇ ವಾಲುತ್ತದೆ. ಅಲ್ಲಿ ನಾನು ಮಾತನಾಡಬೇಕಿತ್ತು, ಮಾತನಾಡುವ ಸ್ಥಿತಿಯಲ್ಲಿರಲಿಲ್ಲ. ನಾಲ್ಕು ದಿನದ ಬಿಸಿಲಿಗೆ ₹3,400 ಎಂದರೆ, ಅಷ್ಟು ದುಬಾರಿ ಬಡ್ಡಿಯನ್ನು ಯಾವ ಲೇವಾದೇವಿಯವನೂ ಕೇಳುವುದಿಲ್ಲ.

ನಮ್ಮ ತಂದೆಯವರ ಕಾಲದಲ್ಲಿ ಕಷ್ಟ ಬೇರೆ ಬಗೆಯದಾಗಿತ್ತು. 1942ರ ಕಾಫಿ ಕಾಯ್ದೆಯ ಪ್ರಕಾರ ಕಾಫಿಯನ್ನು ಪೂಲಿಗೆ ಕೊಡಬೇಕಿತ್ತು. ಮೊದಲ ಕಂತು ಕೈಗೆ ಬಂದ ಮೇಲೆ ಉಳಿದ ಕಂತುಗಳಿಗೆ ದಾರಿ ಕಾಯುವುದೇ ಕೆಲಸ. ಬೆಲೆಯ ಚಿಂತೆ ಇರಲಿಲ್ಲ, ಹಣ ಯಾವಾಗ ಬರುತ್ತದೆಂಬ ಚಿಂತೆ ಇತ್ತು. 1990ರ ದಶಕದಲ್ಲಿ ಆ ಕಟ್ಟು ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾಯಿತು. ಈಗ ಬೆಲೆ ದಿನಕ್ಕೊಂದು, ಹಣ ಅಂದಂದೇ. ಇದರಿಂದ ಒಳ್ಳೆಯದಾಗಿದೆ, ಸಂಶಯವಿಲ್ಲ. ಆದರೆ ಸ್ವಾತಂತ್ರ್ಯದ ಲಾಭ ಕಾಯಬಲ್ಲವನಿಗೆ. ವಾರದ ಬಟವಾಡೆಗೆ ಸಿಕ್ಕಿಬಿದ್ದವನಿಗೆ ಮುಕ್ತ ಮಾರುಕಟ್ಟೆಯೆಂದರೆ ಶುಕ್ರವಾರ ಸಂಜೆ ಅಂಗಳಕ್ಕೆ ಬಂದ ಒಂದೇ ಗಾಡಿ.

ಶನಿವಾರ

ಈ ವರ್ಷ ನಾನು ಗಾಡಿಗಾಗಿ ಕಾಯಲಿಲ್ಲ. ಡಿಸೆಂಬರಿನ ಮೊದಲ ಕೊಯ್ಲಿನಲ್ಲಿ ಚೆನ್ನಾಗಿ ಒಣಗಿದ ಎಂಟು ಮೂಟೆ ಅಟ್ಟದ ಕೆಳಗಿತ್ತು. ಅದನ್ನು ಜೀಪಿಗೆ ಹಾಕಿಕೊಂಡು ಸಂಘದ ಉಗ್ರಾಣಕ್ಕೆ ಹೋದೆ. ತೂಕವಾಯಿತು, ಮಾದರಿ ತೆಗೆದರು, ಮೀಟರು ಶೇಕಡಾ 11ರ ಒಳಗೇ ತೋರಿಸಿತು. ಅದರ ಮೇಲೆ ಈಡಿನ ಸಾಲವೆಂದು ₹24,000 ಮಂಜೂರಾಗಿ, ಹನ್ನೆರಡೂವರೆಯ ಹೊತ್ತಿಗೆ ರಸೀದಿಯೂ ಹಣವೂ ಕೈಯಲ್ಲಿತ್ತು.

ಲೆಕ್ಕ ಮತ್ತೆ ನೋಡೋಣ. ಬಡ್ಡಿ ಶೇಕಡಾ 11 ಎಂದೇ ಇಟ್ಟುಕೊಂಡರೂ ₹24,000ಕ್ಕೆ ಒಂದು ತಿಂಗಳಿಗೆ ₹220. ಉಗ್ರಾಣದ ಬಾಡಿಗೆ, ಹಮಾಲಿ, ಜೀಪಿನ ಬಾಡಿಗೆ ಸೇರಿಸಿದರೂ ಕಳೆದ ವರ್ಷ ಕಳೆದುಕೊಂಡ ₹3,400ರ ಹತ್ತಿರ ಬರುವುದಿಲ್ಲ.

"ಆ ಒಣಗಿದ ಎಂಟು ಮೂಟೆ ಮಾರಿದ್ದರೆ ಸಾಲವೇ ಬೇಕಾಗುತ್ತಿರಲಿಲ್ಲವಲ್ಲ?" ಎಂದು ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಯುವಕರೊಬ್ಬರು ಕೇಳಿದರು. ಸರಿಯಾದ ಪ್ರಶ್ನೆ. ಒಳ್ಳೆಯ ಬೆಲೆ ಸಿಕ್ಕರೆ ಒಣಗಿದ ಮಾಲನ್ನು ಮಾರಿ ಬಟವಾಡೆ ಮಾಡುವುದರಲ್ಲಿ ತಪ್ಪಿಲ್ಲ. ಆದರೆ ವಾರಕ್ಕೆ ಐದು ಮೂಟೆ, ಎಂಟು ಮೂಟೆಯೆಂದು ಚಿಲ್ಲರೆಯಾಗಿ ಮಾರುತ್ತಾ ಹೋದರೆ ಪ್ರತಿ ಸಲ ಹೊಸ ಮಾದರಿ, ಹೊಸ ಕಡಿತ, ಹೊಸ ಚೌಕಾಶಿ. ಎಲ್ಲ ಒಟ್ಟುಗೂಡಿಸಿ, ಅಕ್ಕಪಕ್ಕದವರದನ್ನೂ ಸೇರಿಸಿ ಒಂದೇ ಲಾಟಿನಲ್ಲಿ ಕೊಟ್ಟರೆ ಕೊಳ್ಳುವವರು ನಮ್ಮನ್ನು ಹುಡುಕಿಕೊಂಡು ಬರುತ್ತಾರೆ.

ಇಲ್ಲೊಂದು ಎಚ್ಚರಿಕೆಯ ಮಾತೂ ಅಗತ್ಯ. ಕಾಫಿ ಒಣಗಲೆಂದು ಕಾಯುವುದು ಬೇರೆ. ಬೆಲೆ ಏರುತ್ತದೆಂದು ಕಾಯುವುದು ಬೇರೆ. ಮೊದಲನೆಯದು ವ್ಯವಸಾಯ, ಎರಡನೆಯದು ಜೂಜು. ಈಡಿನ ಸಾಲ ತೆಗೆದು ಬೆಲೆ ಇನ್ನೂ ಏರಲಿ ಎಂದು ಮಳೆಗಾಲದವರೆಗೆ ಇಟ್ಟುಕೊಂಡು, ಬೆಲೆ ಇಳಿದು, ಬಡ್ಡಿ ಬೆಳೆದು, ಮೂಟೆಗೆ ತೇವ ಹಿಡಿದರೆ ಸಂಘವನ್ನು ದೂರಿ ಪ್ರಯೋಜನವಿಲ್ಲ.

ಸಂಘದಿಂದ ಹೊರಬಂದಾಗ ಪೇಟೆಯ ಅರ್ಧ ಜನ ಶನಿವಾರಸಂತೆಯ ಬಸ್ಸಿಗೆ ನಿಂತಿದ್ದರು. ಶಾಲೆ ಬಿಟ್ಟ ಮಕ್ಕಳು ಐಸ್‌ಕ್ಯಾಂಡಿ ತಿನ್ನುತ್ತಾ ಹೋಗುತ್ತಿದ್ದವು. ಸಂಕ್ರಾಂತಿಯ ಸುಮಾರಿಗೆ ನಡೆಯುವ ಶಾಂತಳ್ಳಿಯ ಕುಮಾರಲಿಂಗೇಶ್ವರ ಜಾತ್ರೆಗೆ ಮನೆಗೆ ನೆಂಟರು ಬರುವವರಿದ್ದರು. ಬಹಳ ದಿನದ ಮೇಲೆ ಶನಿವಾರ ಮಧ್ಯಾಹ್ನ ಹೋಟೆಲಿನಲ್ಲಿ ಕುಳಿತು ನಿಧಾನವಾಗಿ ಪತ್ರಿಕೆ ಓದಿದೆ.

ಭಾನುವಾರ

ಬಟವಾಡೆ. ಸಂಜೆ ಐದಕ್ಕೆ ಅಂಗಳದಲ್ಲಿ ಮೇಜು, ಪುಸ್ತಕ, ಹಣದ ಪೆಟ್ಟಿಗೆ. ಹಿಂದೆ ಚಿಲ್ಲರೆಗಾಗಿ ಪೇಟೆಯ ಅಂಗಡಿಗಳನ್ನೆಲ್ಲ ಸುತ್ತಬೇಕಿತ್ತು. ಈಗ ಅಸ್ಸಾಮಿನ ಹುಡುಗರು ಫೋನಿನಲ್ಲೇ ಹಾಕಿಸಿಕೊಂಡು ಅಲ್ಲಿಂದಲೇ ಊರಿಗೆ ಕಳಿಸುತ್ತಾರೆ. ನಮ್ಮ ಸೆರಗಿನ ಗಂಟಿನ ಅಮ್ಮನವರು ಮಾತ್ರ ನೋಟನ್ನೇ ಕೇಳುತ್ತಾರೆ. ಒಂದೊಂದೇ ಗಂಟು ಬಿಚ್ಚುತ್ತಾ, ಒಂದೊಂದು ದಿನದ ತೂಕ ಹೇಳುತ್ತಾ, ಆರು ಗಂಟು ಮುಗಿದಾಗ ಪುಸ್ತಕದ ಮೊತ್ತವೂ ಅವರ ಮೊತ್ತವೂ ಒಂದೇ ಆಯಿತು. ಅದರಲ್ಲಿ ಮೊಮ್ಮಗಳ ಶಾಲೆಯ ಬೂಟಿಗೆಂದು ಒಂದು ಪಾಲನ್ನು ಅಲ್ಲೇ ಎಣಿಸಿ ಬೇರೆ ಗಂಟು ಕಟ್ಟಿಕೊಂಡರು.

"ನಾಳೆ ಸಂತೇಲಿ ತಕ್ಕೊಂಡ್ಬಿಡ್ತೀನಿ. ಮಂಗಳವಾರ ಮೇಲಿನ ಗುಡ್ಡೆಗೇ ಬರ್ತೀನಿ ಅಣ್ಣಾ, ಅಲ್ಲಿ ಹಣ್ಣು ಕಪ್ಪಾಗ್ತಾ ಇದೆ" ಎಂದರು.

ಈ ಒಂದು ಸಂಜೆ ಹಣ ಕೈ ಬದಲಾಯಿಸದಿದ್ದರೆ ಏನಾಗುತ್ತದೆಂಬುದನ್ನು ನಮ್ಮ ಪೇಟೆ ನೋಡಿದೆ. 2018ರ ಆಗಸ್ಟ್‌ನ ಮಳೆಗೆ ಮಾದಾಪುರ, ಹಟ್ಟಿಹೊಳೆ ಕಡೆ ಗುಡ್ಡ ಕುಸಿದು ರಸ್ತೆ ಮುರಿದಾಗ ನೋಡಿದೆವು. 2020ರಲ್ಲಿ ಕೊರೋನಾ ಕಾಲಕ್ಕೆ ಸಂತೆಗಳೇ ನಿಂತಾಗ ನೋಡಿದೆವು. ತೋಟದಿಂದ ಆಳಿಗೆ, ಆಳಿನಿಂದ ಅಂಗಡಿಗೆ, ಅಂಗಡಿಯಿಂದ ಪೇಟೆಗೆ ಹರಿಯುವ ಹಣ ವಾರಕ್ಕೊಮ್ಮೆ ಹರಿದರೇ ಊರು ಊರಾಗಿರುತ್ತದೆ. ಬಟವಾಡೆಯನ್ನು ಮುಂದಕ್ಕೆ ಹಾಕುವುದರಿಂದ ಸಣ್ಣ ಬೆಳೆಗಾರ ಉಳಿಸುವುದು ಏನೂ ಇಲ್ಲ. ಕಳೆದುಕೊಳ್ಳುವುದು ಆಳುಗಳನ್ನು, ಅದಕ್ಕಿಂತ ಹೆಚ್ಚಾಗಿ ಮಾತನ್ನು.

ಕೊನೆಯದಾಗಿ

ಸದಸ್ಯ ಬಾಂಧವರಲ್ಲಿ ಮೂರು ಮಾತು. ಕೊಯ್ಲಿಗೆ ಇಳಿಯುವ ಮೊದಲೇ ನಾಲ್ಕು ವಾರದ ಬಟವಾಡೆಯ ಮೊತ್ತವನ್ನು ಒಂದು ಹಾಳೆಯಲ್ಲಿ ಬರೆದು, ಆ ಹಣ ಎಲ್ಲಿಂದ ಬರಬೇಕೆಂದು ಎದುರಿಗೆ ಬರೆಯಿರಿ. ಮೊದಲ ಕೊಯ್ಲಿನ ಮಾಲನ್ನು ಬೇಗ, ಚೆನ್ನಾಗಿ ಒಣಗಿಸಿ ಬೇರೆಯಾಗಿ ಇಡಿ. ಕಷ್ಟಕ್ಕೆ ಆಗುವ ಗಂಟು ಅದೇ. ಶುಕ್ರವಾರದವರೆಗೆ ಕಾಯದೆ ಬುಧವಾರವೇ ಸಂಘಕ್ಕೆ ಒಂದು ಫೋನು ಮಾಡಿ.

ಸಂಘದ ಆಡಳಿತ ಮಂಡಳಿಯವರಲ್ಲೂ ಒಂದು ಮಾತು, ವಿನಯಪೂರ್ವಕವಾಗಿ. ನಾನು ಹೋದ ದಿನ ಹನ್ನೆರಡೂವರೆಗೆ ಕೆಲಸ ಮುಗಿಯಿತು. ಒಂದು ಗಂಟೆಗೆ ಬಾಗಿಲು ಹಾಕಿದರು. ಆ ಯುವಕರ ಸರದಿ ಬರುವುದರೊಳಗೆ ಹೊತ್ತು ಮೀರಿತ್ತು. ಮೂಟೆಗಳನ್ನು ಜೀಪಿನಲ್ಲಿ ಹಾಗೆಯೇ ಹೇರಿಕೊಂಡು ಅವರು ಹಿಂದಿರುಗಿದರು. ಭಾನುವಾರದ ಬಟವಾಡೆಗೆ ಅವರು ಯಾರ ಗಾಡಿಯನ್ನು ಕರೆದರೋ ನಾನು ಕೇಳಲಿಲ್ಲ. ಡಿಸೆಂಬರಿನಿಂದ ಫೆಬ್ರವರಿಯವರೆಗೆ, ಮೂರೇ ತಿಂಗಳು, ಶನಿವಾರ ಸಂಜೆಯವರೆಗೂ ಉಗ್ರಾಣದ ಬಾಗಿಲು ತೆರೆದಿರುವಂತೆ ಏರ್ಪಾಡು ಮಾಡಿದರೆ ಅಂಥವರಿಗೆ ದೊಡ್ಡ ಉಪಕಾರವಾಗುತ್ತದೆ. ಸಂಘ ನಮ್ಮದು, ನಮ್ಮ ವಾರ ಹೇಗೆ ನಡೆಯುತ್ತದೋ ಅದರ ವಾರವೂ ಹಾಗೆಯೇ ನಡೆಯಲಿ.

ಮುಂದಿನ ಮಹಾಸಭೆಯಲ್ಲಿ ಈ ವಿಷಯವನ್ನು ಎತ್ತುವವನಿದ್ದೇನೆ. ಜೊತೆಗೆ ಕೈಯೆತ್ತುವವರು ಎಷ್ಟು ಜನ ಎಂಬುದನ್ನು ಬರುವ ಸೋಮವಾರ ಸಂತೆಯಲ್ಲಿ ಸಿಕ್ಕಾಗ ಹೇಳಿ.